ಎರಡೂ ಥರ ಕೈ ಕೊಟ್ಟ ಟೀಮು

ನಾನು ಕಾಲೇಜ್ ಮುಗಿಸ್ಕೊಂಡು ಈ ಪರದೇಶದ ಎರಿನ್ ಮಿಲ್ಸ್ ಅನ್ನೋ ಏರಿಯಾದಲ್ಲಿ ಒಂದು ಫಿಸಿಯೋ ಕ್ಲಿನಿಕ್ಕಿನ ರಿಸೆಪ್ಷನ್ನಲ್ಲಿ ಕೂರ್ತೀನಲ್ಲ, ಅಲ್ಲಿಗೆ ಮೊನ್ನೆ ಬಾಗಿಲು ತುಂಬೋ ಹಾಗೆ ಒಬ್ರು ಬಂದ್ರು! "ಫುಟ್‌ಬಾಲ್ ಆಡ್ತಿದ್ದೆ, ಡಿಫೆನ್ಸು" ಅಂದ್ರು.

"ಗೋಲ್ ಹತ್ರ ನಿಂತ್ಕೋತಿದ್ರಾ ಸರ್?" ಅಂದ್ಬಿಟ್ಟೆ.

"ಆ ಫುಟ್‌ಬಾಲಲ್ಲ, ಅಮೆರಿಕನ್ ಫುಟ್‌ಬಾಲು. ಚೆಂಡು ಹಿಡ್ಕೊಂಡು ಓಡೋನನ್ನ ಕೆಡವೋದೇ ನನ್ ಕೆಲಸ."

"ಓ, ನಮ್ ಕಬಡ್ಡಿ ಥರ!" ಅಂತ ಕಾಲು ಹಿಡಿದು ಎಳೆಯೋದನ್ನ ಕೂತಲ್ಲೇ ಆಕ್ಟ್ ಮಾಡಿ ತೋರಿಸ್ದೆ. ನಕ್ರು, ಆಮೇಲೆ ಮಂಡಿ ಸವರ್ಕೊಂಡ್ರು. ಮಂಡಿ ಕೆಟ್ಮೇಲೆ ಟೀಮಿಂದ ತೆಗೆದ್ರಂತೆ, ಈಗ ಒಬ್ರೂ ಫೋನ್ ಮಾಡಲ್ವಂತೆ. "ಬಿದ್ದಾಗ ಯಾರಾದ್ರೂ ಕೈ ಕೊಟ್ಟು ಎಬ್ಬಿಸ್ತಿದ್ರು, ಅದೇ ನೆನಪಾಗತ್ತೆ" ಅಂದ್ರು.

"ಅಯ್ಯೋ ಸರ್, ಕನ್ನಡದಲ್ಲಿ ಕೈ ಕೊಡೋದು ಅಂದ್ರೆ ನಂಬಿದೋರನ್ನ ನಡುನೀರಲ್ಲಿ ಬಿಟ್ಟು ಹೋಗೋದು!" ಬಾಯಿಗೆ ಬೀಗ ಇಲ್ವಲ್ಲ ನಂಗೆ, ಹೇಳೇಬಿಟ್ಟೆ.

"ಹಾಗಾದ್ರೆ ನಮ್ಮೋರು ಎರಡೂ ಥರ ಕೈ ಕೊಟ್ರು" ಅಂದ್ರು.

ಒಳಗಿಂದ ಕರೆದಾಗ ಏಳಕ್ಕಾಗ್ದೆ ನನ್ ಕಡೆ ಕೈ ಚಾಚಿದ್ರು. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಎದ್ಮೇಲೂ ಇಬ್ರೂ ತಕ್ಷಣ ಬಿಡಲಿಲ್ಲ. ಈ ದೇಶಕ್ಕೆ ಬಂದ್ಮೇಲೆ ನನ್ ಕೈನೂ ಯಾರೂ ಹಿಡಿದಿರ್ಲಿಲ್ಲ ಕಣ್ರೀ.

ಶಿಫ್ಟ್ ಮುಗಿದಿದ್ದೇ, ಇದನ್ನ ಯಾರಿಗಾದ್ರೂ ಹೇಳ್ಬೇಕು ಅಂತ ಓಡ್ತಾ ಹೊರಗೆ ಬಂದ್ರೆ, ಬಸ್ಸೂ ಕೈ ಕೊಟ್ಟಿತ್ತು.