ಗಾಜಕ್ಕನ ಎರಡನೇ ಇಸವಿ

ವಿಜ್ಞಾನ ಸಂಸ್ಥೆಯ ಪಡಸಾಲೆಯ ಗೋಡೆ ಬಹುಪಾಲು ಸತ್ತವರದ್ದು. ಗಣಿತದವರು, ನಕ್ಷತ್ರ ನೋಡಿದವರು, ರೋಗಾಣು ಹಿಡಿದವರು, ಎಲ್ಲರಿಗೂ ಒಂದೇ ಅಚ್ಚು: ಹೆಸರು, ಹುಟ್ಟಿದ ಇಸವಿ, ಗೆರೆ, ಸತ್ತ ಇಸವಿ. ಬದುಕಿರುವವರದಾದರೆ ಗೆರೆಯ ಮುಂದೆ ಅಂಗೈಯಗಲ ಖಾಲಿ. ನಿವೃತ್ತ ಗಣಿತದ ಮೇಷ್ಟ್ರು ಆಗಾಗ ಬಂದು ತಮ್ಮ ಖಾಲಿ ಜಾಗ ನೋಡಿ ನಕ್ಕು ಹೋಗುತ್ತಿದ್ದರು.

ಇವರಿಗೆಲ್ಲ ಗಾಜಿನ ನಳಿಗೆ ಊದಿಕೊಟ್ಟವರ ಹೆಸರು ಮಾತ್ರ ಒಂದೂ ಇರಲಿಲ್ಲ. ಅವರ ಹೆಸರೂ ಬರೆಯಿರಿ ಎಂದು ಕೇಳಿಯೇ, ಅಲ್ಲಿ ಗಾಜು ಊದುವ ಗಾಜಕ್ಕ ಗೇಟಿನ ಮುಂದೆ ಧರಣಿ ಕೂತು, ಲಾಠಿ ತಿಂದು, ಬಡ್ತಿ ಕಳೆದುಕೊಂಡಿದ್ದು. ಅಪ್ಪನಿಂದ ಕಲಿತ ಕಸುಬು. ಉರಿಯ ಮುಂದೆ ಕೂತು ಕೂತು ಹುಬ್ಬು ಸುಟ್ಟಿತ್ತು, ನಾಲಿಗೆಯ ಬಿಸಿ ಆರಿರಲಿಲ್ಲ.

ಒಂದು ದಿನ ನಿರ್ದೇಶಕರು ತಾವೇ ಅವಳ ಬೆಂಚಿಗೆ ಬಂದರು. "ನಿಮ್ಮ ಹೆಸರೂ ಗೋಡೆಗೆ ಬರುತ್ತಮ್ಮ." ಟೀ ಬೇರೆ ತರಿಸಿದರು. ಗಂಟಲು ಹರಿಯುವಂತೆ ಕೂಗಿದಾಗ ಕಿವುಡಾಗಿದ್ದವರು, ಸುಮ್ಮನಿದ್ದಾಗ ಕರೆದು ಕೊಡುತ್ತಾರೆಯೇ? ಅವಳು ಟೀ ಲೋಟ ಪಕ್ಕಕ್ಕೆ ಸರಿಸಿದಳು.

"ನಿನಗೆ ಎಲ್ಲರೂ ಕಳ್ಳರೇ ಕಣಮ್ಮ," ಮನೆಯಲ್ಲಿ ಮಗಳು ರೇಗಿದಳು. "ಹೆಸರು ಬರದಿದ್ರೂ ಗೋಳು, ಬಂದ್ರೂ ಗೋಳು."

"ಇಂಥ ಕಳ್ಳರು ಟೀ ಹಿಡ್ಕೊಂಡೇ ಬರೋದು ಕಣೇ."

ಬೆಳಿಗ್ಗೆ ನೇರ ಗೋಡೆಯ ಹತ್ತಿರ ಹೋದಳು. ಪೇಂಟರ್ ಏಣಿಯ ಮೇಲಿದ್ದ. ಬಣ್ಣ ಹಚ್ಚುವ ಮೊದಲು ಚಾಕ್‌ಪೀಸಿನಲ್ಲಿ ಬರೆದುಕೊಳ್ಳುವುದು ಅವನ ಪದ್ಧತಿ. ಅವಳ ಹೆಸರು, ಹುಟ್ಟಿದ ಇಸವಿ, ಗೆರೆ. ಗೆರೆಯ ಮುಂದೆ ಇದೇ ವರ್ಷ!

"ಲೋ, ನಾನಿಲ್ಲೇ ಗುಂಡುಕಲ್ಲಿನ ಹಾಗೆ ನಿಂತಿದೀನಿ. ಸಾಯಿಸೇಬಿಟ್ಯಲ್ಲೋ!"

ಪೇಂಟರ್ ಏಣಿಯಿಂದ ಬೀಳುವುದೊಂದು ಬಾಕಿ. "ನಿನ್ನ ಸಾವಲ್ಲಕ್ಕ. ಗಾಜಿನ ವಿಭಾಗ ಮುಚ್ತಾರಂತೆ. ಆ ವರ್ಷ ಹಾಕು ಅಂತ ನಿರ್ದೇಶಕರೇ ಅಂದ್ರು. ಯಾರಿಗೂ ಬಾಯಿ ಬಿಡಬೇಡ ಅಂತಾನೂ ಅಂದಿದ್ರು..."

ಅವನ ಒದ್ದೆ ಬಟ್ಟೆ ಕಸಿದುಕೊಂಡು ಎರಡನೇ ಇಸವಿ ಒರೆಸಿಹಾಕಿದಳು. ಬೆಂಚಿಗೆ ಬಂದು, ಉರಿ ಆರಿಸಿ, ಕೈಕಟ್ಟಿ ಕೂತಳು. ನಿರ್ದೇಶಕರ ಪ್ರಯೋಗಕ್ಕೆ ಬೇಕಿದ್ದ ನಳಿಗೆ ಅರ್ಧ ಬೆಸೆದು ಮುಂದೆ ಬಿದ್ದಿತ್ತು.

ಅವರು ಓಡಿ ಬಂದರು. "ಆಯ್ತೇನಮ್ಮ? ಮಧ್ಯಾಹ್ನ ಹೊರಗಿನವರು ನೋಡೋಕೆ ಬರ್ತಾರೆ."

"ಸತ್ತವಳ ಹತ್ರ ಕೆಲಸ ಕೇಳ್ತೀರಲ್ಲ ಸಾರ್. ಊದೋಕೆ ಉಸಿರು ಎಲ್ಲಿಂದ ತರಲಿ?"

ನಿರ್ದೇಶಕರ ಮುಖ ಇಳಿಯಿತು. "ಮುಚ್ಚಲ್ಲ, ಊದಮ್ಮ," ಅಂದರು ಮೆಲ್ಲಗೆ.

"ನನ್ನ ಕಿವೀಲಿ ಬೇಡ. ಪಡಸಾಲೇಲಿ ನಿಂತು ಹೇಳಿ."

ಹೇಳಿದರು. ಪೇಂಟರ್, ಗಣಿತದ ಮೇಷ್ಟ್ರು, ಕಸ ಗುಡಿಸುವವರು ಎಲ್ಲರೂ ಕೇಳಿಸಿಕೊಂಡ ಮೇಲೆಯೇ ಗಾಜಕ್ಕ ಉರಿ ಹಚ್ಚಿದ್ದು.

ಈಗ ಗೋಡೆಯ ಮೇಲೆ ಅವಳ ಗೆರೆಯ ಮುಂದೆಯೂ ಖಾಲಿ. ಆದರೂ ಕೆಲಸಕ್ಕೆ ಬರುವಾಗೆಲ್ಲ ಆ ಜಾಗದ ಮೇಲೆ ಬೆರಳಾಡಿಸುತ್ತಾಳೆ. ಆಮೇಲೆ ಬೆರಳಿಗೆ ಚಾಕಿನ ಪುಡಿ ಅಂಟಿದೆಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ.