ಚಹಾ ಕಪ್ಪಿನ ಕಲೆ

ನಮ್ಮ ಶಹಾಪುರದ ಮನೆಯ ಮೇಲಿನ ಕೋಣೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮಾಸ್ತರರೊಬ್ಬರು ಬಾಡಿಗೆಗಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು, ಹುಡುಗರು ಮನೆಯಲ್ಲಿ ಬರೆದು ತಂದ ಹಾಳೆಗಳಿಗೆ ಕೆಂಪು ಪೆನ್ನಿನಿಂದ ಮಾರ್ಕ್ಸ್ ಹಾಕುತ್ತಿದ್ದರು. ಅವರು ಹಾಳೆ ನೋಡುವುದಕ್ಕಿಂತ ನಾನು ತೊಗರಿಬೇಳೆಯಲ್ಲಿ ಹರಳು ನೋಡುವುದೇ ಹೆಚ್ಚು.

"ಇದರಿಂದ ಹುಡುಗ್ರು ಏನ್ ಕಲಿತಾರ್ರಿ, ಮಾಸ್ತರ್ರ?" ಎಂದು ಕೇಳಿದರೆ ಒಂದೇ ಮಾತು: "ಮಾರ್ಕ್ಸ್ ಇಲ್ಲಂದ್ರ ಯಾರೂ ಬರಿಯಂಗಿಲ್ರಿ, ಆಯಿ."

ನನ್ನ ಮೊಮ್ಮಗಳು ಅವರ ಕೈಯಲ್ಲೇ ಕಲಿಯುತ್ತಿದ್ದಳು. ಎರಡು ದಿನ ಹೆಣಗಿ ಒಂದು ಸೇತುವೆಯ ನಕ್ಷೆಯನ್ನು ತಾನೇ ತೆಗೆದಳು. ನಾನು ಮರೆತು ಅದರ ಮೇಲೆ ಚಹಾದ ಕಪ್ಪಿಟ್ಟೆ. ದುಂಡನೆಯ ಕಲೆ ಕೂತಿತು. ಆ ಹಾಳೆಯನ್ನೇ ಒಯ್ದು ಅವಳ ಐದು ಜನ ಗೆಳೆಯರು ನಕಲು ಮಾಡಿದರು.

ಮಾಸ್ತರರು ಮಾರ್ಕ್ಸ್ ಹಾಕುವಾಗ ಇಣುಕಿದೆ. ಎರಡನೇ ತರಗತಿಗೆ ಶಾಲೆ ಬಿಟ್ಟ ನನಗೂ ಕಂಡಿತು: ಐವರೂ ಸೇತುವೆಯ ಕೆಳಗೆ ನನ್ನ ಕಪ್ಪಿನ ಕಲೆಯನ್ನೂ ಕೈವಾರ ಹಿಡಿದು ಚೆಂದಾಗಿ ತೆಗೆದಿದ್ದರು. ಅವರಿಗೆಲ್ಲ ಹತ್ತಕ್ಕೆ ಹತ್ತು. ಮೊಮ್ಮಗಳಿಗೆ ಎಂಟು.

"ಇಕಿಗ್ಯಾಕ ಕಮ್ಮಿ ಕೊಟ್ರಿ?"

"ಹಾಳಿ ಹೊಲಸಾಗ್ಯದ್ರಿ, ಆಯಿ."

ಮುಂದಿನ ಸಲ ಮೊಮ್ಮಗಳು ಪುಸ್ತಕವನ್ನೇ ತೆರೆಯಲಿಲ್ಲ. ಗೆಳತಿಯ ಹಾಳೆ ತಂದು, ನೋಡಿಕೊಂಡು ಇಳಿಸಿದಳು. ಹತ್ತಕ್ಕೆ ಹತ್ತು ಬಿತ್ತು.

ಮಾಸ್ತರರು ಆ ಹಾಳೆಯನ್ನು ನನ್ನ ಮುಖಕ್ಕೆ ಹಿಡಿದು ನಕ್ಕರು: "ನೋಡ್ರಿ ಆಯಿ, ಈಗ ಕಲಿಯಾಕತ್ಯಾಳ."