ಸೊಸೆಯ ಐದನೆಯ ಅಣಬೆ ಚೀಲ

ಅಣಬೆ ಅಂದರೆ ನಮಗೆ ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಏಳುವ ನಾಯಿಕೊಡೆ. ಕಾಲಿನಿಂದ ಒದ್ದು ಮುಂದೆ ಹೋಗುತ್ತಿದ್ದೆವು. ಸೊಸೆ ವಿಜಯಪುರದಲ್ಲಿ ಮೂರು ದಿನ ತರಬೇತಿ ಮುಗಿಸಿ ಬಂದು, ಮನೆಯೊಳಗೇ ಅಣಬೆ ಬೆಳೆಯುತ್ತೇನೆ ಎಂದಾಗ ನಾನು ನಕ್ಕೆ. ಅವಳು ನಗಲಿಲ್ಲ. ಮೃಗಶಿರಾ ಮಳೆಯ ಹೊತ್ತಿಗೆ ವಿಜಯಪುರದ ಗಾಂಧಿ ಚೌಕಿಗೆ ಹೋಗಿ, ಅಲ್ಲಿಗೆ ಬಂದಿದ್ದ ಪಾರ್ಸೆಲ್ ಬಿಡಿಸಿಕೊಂಡು ತಂದಳು. ಐದು ಪ್ಲಾಸ್ಟಿಕ್ ಚೀಲ. ಒಳಗೆ ಒತ್ತಿ ತುಂಬಿದ ಕಟ್ಟಿಗೆ ಪುಡಿ, ಅದರ ತುಂಬ ಹತ್ತಿಯಂಥ ಬಿಳಿ ಬೂಷ್ಟು. ಶಿಟಾಕೆ ಅಂತ ಅದರ ಹೆಸರು. ನನ್ನ ಬಾಯಲ್ಲಿ ಆ ಹೆಸರು ನೆಟ್ಟಗೆ ಬರಲು ದೀಪಾವಳಿ ಆಯಿತು.

ಘೋಣಸಗಿಯ ನಮ್ಮ ಮನೆಯಲ್ಲಿ ತಂಪಾಗಿರುವುದು ಹಿಂದಿನ ಕಲ್ಲಿನ ಕೋಣೆ ಒಂದೇ. ನಾನು ಮಲಗುವುದು ಅಲ್ಲಿ. ಚೀಲಗಳನ್ನೂ ಅಲ್ಲೇ ತಂದಿಟ್ಟಳು. ನಾಲ್ಕು ಚೀಲ ಗೋಡೆಯಲ್ಲಿ ದೀಪ ಇಡುವ ಮಾಡದ ಕೆಳಗೆ ಸಾಲಾಗಿ, ಐದನೆಯದು ಜಾಗ ಸಾಲದೆ ಜೋಳದ ಡಬ್ಬಿಯ ಹಿಂದೆ.

ಪಂಚಮಿಗೆ ಸೊಸೆ ತವರಿಗೆ ಹೋದಳು. ಬಬಲೇಶ್ವರದ ಕಡೆಯ ನಿಡೋಣಿ ಅವಳ ತವರು. ಹೋಗುವಾಗ, "ಅತ್ತೀ, ಚೀಲ ಮುಟ್ಟಬ್ಯಾಡ್ರಿ, ಅದರ ಪಾಡಿಗೆ ಇರಲಿ" ಎಂದು ಹೇಳಿಯೇ ಹೋಗಿದ್ದಳು. ಎಂಟು ದಿನ ಅಲ್ಲೇ ಇದ್ದಳು. ಮೂರನೆಯ ದಿನ ನೋಡುತ್ತೇನೆ, ಬೆಳ್ಳಗಿದ್ದದ್ದು ಅಲ್ಲಲ್ಲಿ ಕಂದಾಗಿದೆ, ಗುಳ್ಳೆ ಎದ್ದಿವೆ, ಕಂದು ನೀರು ಬಿಟ್ಟಿದೆ. ಕೆಟ್ಟಿತು ಅಂದುಕೊಂಡೆ. ಉಪ್ಪಿನಕಾಯಿಯ ಮೇಲೆ ಬೂಷ್ಟು ಬಂದರೆ ಚಮಚದಿಂದ ಕೆರೆದು ತೆಗೆಯುತ್ತೇವೆ, ಕೆಳಗಿನದು ಚೆನ್ನಾಗಿರುತ್ತದೆ. ಬೆಲ್ಲದ ಪೆಂಟೆ ಮೇಲೆ ಕಪ್ಪಾದರೆ ಕೆತ್ತುತ್ತೇವೆ. ಅದೇ ಲೆಕ್ಕದಲ್ಲಿ ಮಾಡದ ಕೆಳಗಿನ ನಾಲ್ಕೂ ಚೀಲದ ಬಾಯಿ ಬಿಚ್ಚಿ, ಕಂದಾದದ್ದನ್ನೆಲ್ಲ ಚಮಚದಿಂದ ಕೆರೆದು, ಅರಿಶಿನದ ನೀರು ಚಿಮುಕಿಸಿ, ಮೊದಲಿನ ಹಾಗೆ ಕಟ್ಟಿಟ್ಟೆ. ಡಬ್ಬಿಯ ಹಿಂದಿನದು ನೆನಪಿಗೇ ಬರಲಿಲ್ಲ.

ಅವಳು ಬರುವಷ್ಟರಲ್ಲಿ ನಾಲ್ಕೂ ಚೀಲ ಪಾಚಿ ಹಿಡಿದ ಹಾಗೆ ಹಸಿರಾಗಿದ್ದವು. ಒಂದೊಂದನ್ನೇ ಹೊತ್ತು ತಿಪ್ಪೆಗೆ ಹಾಕಿ ಬಂದಳು. ಕೈ ತೊಳೆಯುತ್ತ, "ನನ್ನ ಕೈಗುಣನ ಸರಿ ಇಲ್ಲರಿ ಅತ್ತಿ" ಅಂದಳು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಎರಡು ಸಲ ಮೊಸರು ಹೆಪ್ಪಾಗದೆ ಹುಳಿನೀರಾಗಿತ್ತು. ಆಗ ನಾನೇ ಅವಳ ಕೈಗುಣ ಸರಿಯಿಲ್ಲವೆಂದು ಹೆಸರಿಟ್ಟು, ಹೆಪ್ಪು ಹಾಕುವ ಕೆಲಸ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಈಗ ಅವಳೇ ಅದನ್ನು ಒಪ್ಪಿಕೊಂಡು ನಿಂತಳು. ನನಗೆ ಸುಲಭವಾಯಿತು.

ಚೀಲದ ಜೊತೆ ಒಂದು ಕಾಗದ ಬಂದಿತ್ತು, ಕನ್ನಡದಲ್ಲೇ ಅಚ್ಚು ಮಾಡಿದ್ದು. ನಾನು ಸಾಲಿಗೆ ಹೋದವಳಲ್ಲ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಅಷ್ಟೇ. ಆಮೇಲೆ ಅದನ್ನು ಬೆರಳಿಟ್ಟು ಓದಲು ಅರ್ಧ ದಿನ ಹಿಡಿಯಿತು. ಚೀಲ ಕಂದು ಬಣ್ಣಕ್ಕೆ ತಿರುಗಿ ಮೇಲೆ ತೊಗಟೆಯಂತೆ ಕಟ್ಟಬೇಕು, ಆಗ ಮುಟ್ಟಬಾರದು ಎಂದಿತ್ತು. ನಾನು ಕೆರೆದದ್ದು ಆ ತೊಗಟೆಯನ್ನೇ.

ಸೊಸೆಯ ಕೈಗುಣದ ಮಾತು ಹಿಟ್ಟಿನ ಗಿರಣಿಗೆ ಹೋಯಿತು. ಅಲ್ಲಿಗೆ ಹೋದ ಮಾತು ಊರಿನದಾಗುತ್ತದೆ. ಹಿಂಗಾರಿ ಜೋಳ ಬಿತ್ತುವ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕುವುದು ನಮ್ಮಲ್ಲಿ ಮನೆಯ ಸೊಸೆ. ಆ ಸಲ ಅವಳು ಉಡಿಯಲ್ಲಿ ಬೀಜ ಕಟ್ಟಿಕೊಂಡು ನಿಂತಿದ್ದರೆ, ಪಕ್ಕದ ಹೊಲದವಳು ಬಂದು, "ನೀ ಇರ್ಲಿ ಬಿಡ ತಂಗಿ, ನಾ ಹಾಕ್ತೀನಿ" ಎಂದು ಬೀಜ ಇಸಕೊಂಡಳು. ಸೊಸೆ ನನ್ನ ಮುಖ ನೋಡಿದಳು. ನಾನು ಎತ್ತಿನ ಕಡೆ ನೋಡಿದೆ. ಅವಳು ಉಡಿ ಕೊಡವಿಕೊಂಡು ಬದುವಿನ ಮೇಲೆ ಹೋಗಿ ಕುಳಿತಳು.

ಉಳಿದ ಒಂದು ಚೀಲ ಡಬ್ಬಿಯ ಹಿಂದೆ ತನ್ನಷ್ಟಕ್ಕೆ ಸುಟ್ಟ ರೊಟ್ಟಿಯ ಬಣ್ಣಕ್ಕೆ ಬಂದು ಗಟ್ಟಿಯಾಯಿತು. ಥಂಡಿಯ ದಿನ ಬಂದವು. ಸೊಸೆ ಪ್ಲಾಸ್ಟಿಕ್ ತೆಗೆದು, ಕಾಗದದಲ್ಲಿ ಹೇಳಿದಂತೆ ಅದನ್ನು ಬಕೆಟ್ಟಿನಲ್ಲಿ ಒಂದು ದಿನ ಮುಳುಗಿಸಿಟ್ಟಳು. ಮಾಳಿಗೆಯ ಮೇಲಿನ ಟಾಕಿಯ ನೀರು ಅದು, ಹಗಲೆಲ್ಲ ಬಿಸಿಲಿಗೆ ಕಾಯ್ದದ್ದು. ಹತ್ತು ದಿನ ಕಾದಳು. ಒಂದು ಮೊಗ್ಗೂ ಏಳಲಿಲ್ಲ.

"ಇದನ್ನೂ ನಾಳೆ ತಿಪ್ಪಿಗೆ ಒಗೀತೀನ್ರಿ" ಅಂದಳು. "ಇನ್ನ ನಾ ಯಾವ ಬೆಳಿಗೂ ಕೈ ಹಚ್ಚಂಗಿಲ್ಲ."

ಅದು ಬರೀ ಬಾಯಿಮಾತಲ್ಲ. ಅವಳು ಹಾಗೆಯೇ ಕೈ ಕಟ್ಟಿಕೊಂಡು ಕೂರುವವಳು, ನನಗೆ ಗೊತ್ತು. ಚೀಲ ಬಿಟ್ಟರೂ ಬಿಡಲಿ, ಮುಂದಿನ ವರ್ಷ ಕೂರಿಗೆಯ ಹತ್ತಿರವೂ ಬರುವವಳಲ್ಲ. ಕಾಗದದಲ್ಲಿ ಒಮ್ಮೆಲೇ ಜೋರು ಥಂಡಿ ಹತ್ತಬೇಕು ಎಂದಿತ್ತು. ಅಂಥ ಥಂಡಿ ನಾನು ನೋಡಿದ್ದು ಒಂದೇ ಕಡೆ. ತಿಕೋಟಾದಲ್ಲಿ ನಾವು ಒಣದ್ರಾಕ್ಷಿಯ ಪೆಟ್ಟಿಗೆ ಇಡುವ ಕೋಲ್ಡ್ ಸ್ಟೋರೇಜು.

"ಒಗೀಬ್ಯಾಡ. ನಾ ತಿಕೋಟಾಕ ಒಯ್ದು ತರ್ತೀನಿ."

"ತಿಪ್ಪಿಗೆ ಒಗೀತೀನಿ ಅಂದ್ರ ಊರ ತಿರುಗಾಡಿಸಾಕ ಒಯ್ತೀರೇನ್ರಿ?"

ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಸ್ಟೋರೇಜಿನ ಕಾವಲುಗಾರ ಹಳಬ, ನಮ್ಮ ಗುರುತು ಇದ್ದವನು.

"ಏನೈತಿಬೇ ಆಯಿ ಗಂಟಿನ್ಯಾಗ?"

"ಕಟ್ಟಿಗಿ ಪುಡಿ."

"ಕಟ್ಟಿಗಿ ಪುಡಿ ಕೆಡತೈತೇನು, ತಂಪಿನ್ಯಾಗ ಇಡಾಕ?"

"ಒಂದಿನ ಥಂಡಿ ಹತ್ತಲಿ ತಮ್ಮಾ. ನಾಳೆ ಇದ ಹೊತ್ತಿಗೆ ಬಂದು ಒಯ್ತೀನಿ."

"ದ್ರಾಕ್ಷಿ ಇಡ್ತಾರ, ಹುಣಸಿಹಣ್ಣ ಇಡ್ತಾರ. ಒಲಿಗೆ ಹಾಕೂದನ್ನ ಇಲ್ಲಿ ಇಡಾಕ ಬಂದಾಕಿ ನೀ ಒಬ್ಬಾಕಿನ ನೋಡು," ಎನ್ನುತ್ತಲೇ ಬಾಗಿಲು ತೆಗೆದ. ನಾನು ತಿಕೋಟಾದಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆ. ಮರುದಿನ ಅದನ್ನು ಎತ್ತಿಕೊಂಡರೆ ಬೆರಳು ಮರಗಟ್ಟಿದವು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ತಗ್ಗು ಬಂದಲ್ಲೆಲ್ಲ ಎಗರಿ ಎಗರಿ ಬಿತ್ತು. ಕೋಲಿನಿಂದ ನಾಲ್ಕು ಪೆಟ್ಟು ಕೊಡಬೇಕೆಂದೂ ಕಾಗದದಲ್ಲಿತ್ತು. ಆ ಕೆಲಸ ರಸ್ತೆ ಮಾಡಿತು.

ಮನೆಗೆ ಬಂದು, ಈ ಸಲ ಮಣ್ಣಿನ ಹರವಿಯ ತಣ್ಣನೆ ನೀರಿನಲ್ಲಿ ಮುಳುಗಿಸಿಟ್ಟೆವು. ತೆಗೆದ ಮೇಲೆ ಸುತ್ತ ಹಸಿ ಗೋಣಿತಟ್ಟು ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು. ಐದನೆಯ ದಿನ ಮುಂಜಾನೆ ತೊಗಟೆ ಒಡೆದು ಕಡಲೆಕಾಳಿನಷ್ಟು ಕಂದು ಮೊಗ್ಗುಗಳು ಕಂಡವು. ನಾಲ್ಕು ದಿನ ಬಿಟ್ಟು ಎಣಿಸಿದರೆ ಹನ್ನೊಂದು ಅಣಬೆ, ಮೇಲೆ ಬಿಳಿ ಬಿರುಕು. ಸೊಸೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತುಂಬ ಹೊತ್ತು ನೋಡಿದಳು.

"ನಾಕೂ ಹ್ವಾದೂವು. ಇದೊಂದ ಹೆಂಗ ಉಳೀತ್ರಿ ಅತ್ತಿ?"

"ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕ ಉಳೀತು."

"ಅಂದ್ರ?"

"ಉಳಿದ ನಾಕೂ ನಾನ ಕೆರದೀನಿ. ಚಮಚಾ ತಗೊಂಡು. ನೀ ಪಂಚಮಿಗೆ ಹೋದಾಗ."

ಅವಳು ಎದ್ದು ನಿಂತಳು. "ಮಂದಿ ನನ್ನ ಕೈಗೆ ಹೆಸರಿಡಾಕತ್ತಾಗ ಬಾಯಾಗ ಏನ ಇಟ್ಕೊಂಡಿದ್ರಿ?"

"ಎಲಿ ಅಡಕಿ."

"ಹಂಗಾರ ಅದನ್ನ ಉಗುಳಿ, ಗಿರಣಿಗೆ ಹೋಗಿ ಹೇಳ್ರಿ. ನನಗ ಹೇಳಿದ್ರ ಏನಾತು?"

ಜೋಳದ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹೋದೆ. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ. ಗಿರಣಿಯ ಸದ್ದಿನಲ್ಲಿ ಒಂದು ಸಲ ಹೇಳಿದ್ದು ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಬೀಜ ಇಸಕೊಂಡವಳೂ ಅಲ್ಲೇ ಇದ್ದಳು.

"ಅಂದ್ರ ಕೈ ಕೆಟ್ಟದ್ದು ನಿಂದಾತು," ಅಂದಳು.

"ಹೂಂ, ನಂದ. ಮುಂದಿನ ಸಲ ಅಕಿ ಉಡಿಯಾಗಿನ ಬೀಜಕ್ಕ ಕೈ ಹಚ್ಚಬ್ಯಾಡ."

ಎಲ್ಲರೂ ನಕ್ಕರು. ನಗಲಿ. ಹಿಟ್ಟು ತುಂಬಿಕೊಂಡು ಬಂದೆ.

ಆ ದಿನ ಸೊಸೆ ಹನ್ನೊಂದನ್ನೂ ಹೆಚ್ಚಿ, ಉಳ್ಳಾಗಡ್ಡಿ, ಕೆಂಪು ಖಾರ ಹಾಕಿ ಪಲ್ಯ ಮಾಡಿದಳು. ಜೋಳದ ರೊಟ್ಟಿಯ ಜೊತೆ ತಿಂದೆ. ಹಸಿ ಕಟ್ಟಿಗೆಯ ವಾಸನೆ, ಅಗಿಯಲು ಗಟ್ಟಿ. ಬದನೆಕಾಯಿಯ ಮುಂದೆ ಏನೂ ಅಲ್ಲ ಅಂದೆ. ಅವಳು ಇನ್ನೊಂದು ಚಮಚ ಬಡಿಸಿದಳು. ಸಂಜೆ ಹಾಲು ಆರಿದ ಮೇಲೆ ಹೆಪ್ಪಿನ ಬಟ್ಟಲನ್ನು ಅವಳ ಮುಂದೆ ಸರಿಸಿದೆ. ಈಗ ಹೆಪ್ಪು ಅವಳೇ ಹಾಕುತ್ತಾಳೆ. ಮೊಸರು ನನ್ನದಕ್ಕಿಂತ ಸ್ವಲ್ಪ ಹುಳಿ.

ಈ ವರ್ಷ ಹತ್ತು ಚೀಲ ತರಿಸಿದಳು. ಪಂಚಮಿಗೆ ನಿಡೋಣಿಗೆ ಹೊರಟಾಗ ಹತ್ತನ್ನೂ ಆಟೋದಲ್ಲಿ ಹಾಕಿಕೊಂಡೇ ಹೋದಳು. ಒಂದೊಂದಾಗಿ ಎತ್ತಿ ಕೊಟ್ಟವಳು ನಾನೇ.